ಡಿಸ್ಪೆನ್ಸರಿಗಳಿಗೆ ಅವರದೇ ಹೆಸರಿನ ರೋಲಿಂಗ್ ಪೇಪರ್ ಮಾಡಿಸಿ ಕೊಡೋಣ ಅಂತಿದ್ದೇನೆ, ಕೈ ಹಾಕಬಹುದಾ?

ತಿಪಟೂರು_ತೆಂಗು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನಾನು ಸ್ಯಾಕ್ರಮೆಂಟೊದಲ್ಲಿ ಇದ್ದೇನೆ. ಪ್ಯಾಕೇಜಿಂಗ್ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ, ಹಾಗಾಗಿ ದಿನಾ ಡಬ್ಬಿ, ಲೇಬಲ್, ಕವರ್ ಇವುಗಳ ಮಧ್ಯೆಯೇ ಇರುತ್ತೇನೆ. ಮನೆಯಿಂದ ಆಫೀಸಿಗೆ ಹೋಗುವ ದಾರಿಯಲ್ಲಿ ನಾಲ್ಕು ಗಾಂಜಾ ಅಂಗಡಿಗಳಿವೆ. ಇಲ್ಲಿ ಡಿಸ್ಪೆನ್ಸರಿ ಅಂತಾರೆ. 2016ರಲ್ಲಿ ಜನ ವೋಟು ಹಾಕಿ ಕಾನೂನು ಮಾಡಿಕೊಂಡರು. 2018ರ ಜನವರಿಯಿಂದ ಲೈಸೆನ್ಸ್ ಇರುವ ಅಂಗಡಿ 21 ತುಂಬಿದವರಿಗೆ ರಾಜಾರೋಷವಾಗಿ ಮಾರಬಹುದು. (ಊರಲ್ಲಿ ಕೂತು ಓದುವವರಿಗೆ: ಇದು ಕ್ಯಾಲಿಫೋರ್ನಿಯಾದ ಮಾತು. ಅಲ್ಲಿ ಇದೇ ಧೈರ್ಯ ಮಾಡಿದರೆ ಸ್ಟೇಷನ್ನಲ್ಲಿ ಕೂರಿಸುತ್ತಾರೆ.)

ಕಳೆದ ತಿಂಗಳು ಗೆಳೆಯನ ಜೊತೆ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯ ಲೋಗೋ ಚೀಲದ ಮೇಲಿದೆ, ಟೀ ಶರ್ಟ್ ಮೇಲಿದೆ, ಲೈಟರ್ ಮೇಲೂ ಇದೆ. ಆದರೆ ಕೌಂಟರ್ ಪಕ್ಕ ಇಟ್ಟಿದ್ದ ರೋಲಿಂಗ್ ಪೇಪರ್ (ಗಾಂಜಾನೋ ತಂಬಾಕೋ ಸುತ್ತಿ ಸೇದುವ ತೆಳು ಹಾಳೆ) ಮಾತ್ರ ಎಲ್ಲ ಕಡೆ ಸಿಗುವ ಅದೇ ಎರಡು ಮೂರು ಬ್ರ್ಯಾಂಡು. ಮ್ಯಾನೇಜರನ್ನು ಕೇಳಿದೆ, ನಿಮ್ಮ ಹೆಸರಲ್ಲೇ ಮಾಡಿಸಿ ಕೊಟ್ಟರೆ ತಗೋತೀರಾ ಅಂತ. ತಂದು ತೋರಿಸು, ನೋಡೋಣ ಅಂದ. ಅವತ್ತಿನಿಂದ ನಿದ್ದೆ ಬರುತ್ತಿಲ್ಲ.

ಲೆಕ್ಕ ಹಾಕಿದ್ದೇನೆ. ಇಂಡೊನೇಷ್ಯಾದ ಒಂದು ಫ್ಯಾಕ್ಟರಿ ಕೊಟೇಶನ್ ಕಳಿಸಿದೆ. ಕಿಂಗ್ ಸೈಜ್ ಸ್ಲಿಮ್, 32 ಹಾಳೆಯ ಬುಕ್‌ಲೆಟ್, ನಮ್ಮ ಪ್ರಿಂಟ್ ಇರುವ ಕವರ್. 10,000 ತಗೊಂಡರೆ ಒಂದಕ್ಕೆ 34 ಸೆಂಟ್. ನಾನು ಅಂಗಡಿಗೆ 90 ಸೆಂಟಿಗೆ ಕೊಡುತ್ತೇನೆ, ಅವರು ಎರಡೂವರೆ ಡಾಲರಿಗೆ ಮಾರಲಿ. ಕೈಯಲ್ಲಿ 15,000 ಡಾಲರ್ ಇದೆ. ಸ್ಯಾಂಪಲ್ ಅರವತ್ತು ಬುಕ್‌ಲೆಟ್ ಆಗಲೇ ಬಂದಿವೆ, ನೋಡೋಕೆ ಚೆನ್ನಾಗಿವೆ.

ಕೇಳಬೇಕಾದದ್ದು ಇಷ್ಟು. ಹಾಳೆಯ ಗುಣಮಟ್ಟ ಹೇಗೆ ಪರೀಕ್ಷೆ ಮಾಡುವುದು? ಈ ಲೆಕ್ಕದಲ್ಲಿ ಏನಾದರೂ ಬಿಟ್ಟಿದ್ದೇನಾ? ಅಂಗಡಿಯವರು ನಿಜಕ್ಕೂ ಕೊಳ್ಳುತ್ತಾರಾ?

ಅಂದ ಹಾಗೆ ನಾನು ಇನ್ನೂ ಎಚ್-1ಬಿ ವೀಸಾದಲ್ಲೇ ಇದ್ದೇನೆ. ಅದಕ್ಕೇನೂ ತೊಂದರೆ ಇಲ್ಲ ಅಲ್ವಾ? ಬರೀ ಹಾಳೆ ತಾನೇ, ಗಾಂಜಾ ಅಲ್ಲವಲ್ಲ.

ಸುಮ್ನೆ_ಓದುಗ

ಇಷ್ಟುದ್ದ ಬರೆದು ಬಾಂಬನ್ನು ಕೊನೆಯ ಸಾಲಲ್ಲಿ ಇಟ್ಟಿದ್ದೀರಲ್ಲ ಸ್ವಾಮಿ. ನಾನು ಕಡ್ಲೆಕಾಯಿ ತಂದುಕೊಂಡು ಕೂತಿದ್ದೇನೆ, ಗೊತ್ತಿರುವವರು ಬರಲಿ.

ಹಾಳೆ_ಹನುಮ

ಗುರು, ಇದೇ ಕೆಲಸ ನಾನು ಓಕ್‌ಲ್ಯಾಂಡಿನಲ್ಲಿ ನಾಲ್ಕು ವರ್ಷ ಮಾಡಿದ್ದೇನೆ, ಒಬ್ಬ ಪಾರ್ಟ್‌ನರ್ ಜೊತೆ. 2023ರಲ್ಲಿ ಮುಚ್ಚಿದೆವು. ಮುಳುಗಿ ಮುಚ್ಚಿದ್ದಲ್ಲ, ಸುಸ್ತಾಗಿ ಮುಚ್ಚಿದ್ದು. ವೀಸಾ ವಿಷಯ ಬೇರೆಯವರು ಹೇಳಲಿ, ನಾನು ಸಿಟಿಜನ್, ಆ ತಲೆನೋವು ನನಗೆ ಇರಲಿಲ್ಲ. ನಾನು ಹಾಳೆಯ ಬಗ್ಗೆ ಹೇಳುತ್ತೇನೆ.

ಮೊದಲು ಸೈಜು. ನಿಮ್ಮ ಹಾಗೇ ನಾವೂ ಕಿಂಗ್ ಸ್ಲಿಮ್ ತಂದೆವು, 108 ಮಿಲಿಮೀಟರ್ ಉದ್ದದ್ದು, ಯಾಕಂದರೆ ನಮ್ಮ ಕಣ್ಣಿಗೆ ಅದೇ ಚೆನ್ನಾಗಿ ಕಂಡಿತು. ಅಂಗಡಿಯವರು ಕೇಳಿದ್ದು 'ಒಂದೂಕಾಲು'. ಅಳತೆ ನೋಡಿದರೆ ಅದು 78 ಮಿಮೀ ಆಸುಪಾಸು, ಯಾವ ಕಡೆಯಿಂದ ಅಳೆದರೂ ಒಂದೂಕಾಲು ಇಂಚು ಬರೋದಿಲ್ಲ. ಸಾಮಾನ್ಯ ಸಿಗರೇಟು ಹಾಳೆಗಿಂತ ಕಾಲು ಭಾಗ ಜಾಸ್ತಿ ಹಿಡಿಯುತ್ತದೆ ಅನ್ನುವ ಹಳೆ ಲೆಕ್ಕದ ಹೆಸರು ಅಷ್ಟೇ. ನಿಮ್ಮ ಮ್ಯಾನೇಜರನ್ನು ಕೇಳಿ, ಅವನ ಅಂಗಡಿಯಲ್ಲಿ ಯಾವುದು ಹೋಗುತ್ತದೆ ಅಂತ. ಆ ಒಂದು ಪ್ರಶ್ನೆ ಕೇಳದೆ ನಾವು ಎರಡು ತಿಂಗಳು ಗೋಡೌನ್ ಬಾಡಿಗೆ ಕಟ್ಟಿದೆವು.

ಹಾಳೆ ಅಂದರೆ ಏನು? ಮರದ ತಿರುಳು, ಅಗಸೆ ನಾರು, ಗಾಂಜಾ ಜಾತಿಯದೇ ಆದ ಹೆಂಪ್ ಗಿಡದ ನಾರು, ಅಕ್ಕಿ ಪೇಪರ್ ಅಂತ ಕರೆಯುವುದು, ಹೀಗೆ. ಆಫೀಸಿನ ಪ್ರಿಂಟರ್ ಕಾಗದ 75, 80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಗೆ ಅಷ್ಟು ಗ್ರಾಂ ತೂಕ) ಇರುತ್ತದೆ. ಇದು ತೆಳ್ಳಗಿನದಾದರೆ 12, 14. ನಿಮ್ಮ ಉಗುರಿನ ಬಣ್ಣ ಅದರೊಳಗಿಂದ ಕಾಣಬೇಕು. ಎಷ್ಟು ಬೇಗ ಉರಿಯುತ್ತದೆ ಅನ್ನುವುದು ಹಾಳೆಯ ಸಣ್ಣ ಸಣ್ಣ ರಂಧ್ರ ಮತ್ತು ಅದರಲ್ಲಿ ಸೇರಿಸುವ ಕ್ಯಾಲ್ಸಿಯಂ ಕಾರ್ಬೊನೇಟ್ ಮೇಲೆ ನಿಂತಿದೆ, ಅಂದರೆ ಸೀಮೆಸುಣ್ಣವೇ. ಬೂದಿ ಬೆಳ್ಳಗಿದ್ದರೆ ಒಳ್ಳೆಯದು, ಕಪ್ಪಗಿದ್ದರೆ ಕೆಟ್ಟದ್ದು ಅಂತ ಕೌಂಟರಿನ ಹುಡುಗರು ಭಾಷಣ ಮಾಡುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ. ಹಾಳೆಯನ್ನು ಖಾಲಿ ಸುತ್ತಿ, ಸೀಸದ ಕಡ್ಡಿಯಷ್ಟು ದಪ್ಪ ಮಾಡಿ, ಒಂದು ತುದಿ ಹಚ್ಚಿ ತಟ್ಟೆಯ ಮೇಲೆ ಹಿಡಿಯಿರಿ. ಒಂದೇ ಪಕ್ಕ ಓಡಿಹೋಗುತ್ತದಾ, ಸಮನಾಗಿ ಇಳಿಯುತ್ತದಾ ನೋಡಿ. ಒಂದೇ ಬುಕ್‌ಲೆಟ್‌ನಿಂದ ಹತ್ತು ಹಾಳೆ, ಬೇರೆ ಬೇರೆ ಡಬ್ಬಿಯಿಂದ ಹತ್ತು.

ಈಗ ಅಂಟು. ನನ್ನ ಪ್ರಕಾರ ಈ ವ್ಯಾಪಾರ ನಿಂತಿರೋದೇ ಅದರ ಮೇಲೆ. ಹಾಳೆಯ ಅಂಚಿಗೆ ಹಚ್ಚುವುದು ಗಮ್ ಅರೇಬಿಕ್, ನಮ್ಮ ಜಾಲಿ ಮರದ ಗೋಂದಿನ ನೆಂಟ. ಜಾಸ್ತಿ ಬರುವುದು ಸುಡಾನ್ ಮತ್ತು ಅದರ ಅಕ್ಕಪಕ್ಕದ ಒಣ ಪ್ರದೇಶದಿಂದ. ನಾಲಿಗೆ ತಾಗಿಸಿದರೆ ಅಂಟಬೇಕು, ತಾಗಿಸದಿದ್ದರೆ ಸುಮ್ನೆ ಇರಬೇಕು. ಆದರೆ ಗಾಳಿಯಲ್ಲಿ ತೇವ ಇದ್ದರೆ ಅದಕ್ಕೆ ನಾಲಿಗೆಯೇ ಬೇಕಿಲ್ಲ. ನಮ್ಮ ಎರಡನೇ ಲೋಡ್ 8,000 ಬುಕ್‌ಲೆಟ್ ಹಡಗಲ್ಲಿ ಐದು ವಾರ ಬಂತು. ಮೇಲಿನ ಕಾರ್ಟನ್ ಒಡೆದು ಒಂದು ಬುಕ್‌ಲೆಟ್ ತೆರೆದೆ. ಒಂದು ಹಾಳೆ ಎಳೆದರೆ ಮೂವತ್ತೆರಡೂ ಒಟ್ಟಿಗೆ ಬಂತು, ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಬಿಟ್ಟ ಹಪ್ಪಳದ ಕಟ್ಟಿನ ಹಾಗೆ. ಇನ್ನೊಂದು ತೆರೆದೆ. ಅದೂ ಹಾಗೇ. ಪಾರ್ಟ್‌ನರ್ ನೆಲದ ಮೇಲೆ ಕೂತು ಒಂದೊಂದೇ ತೆರೆದು ಎರಡು ರಾಶಿ ಮಾಡಿದ, ರಾತ್ರಿ ಎರಡು ಗಂಟೆವರೆಗೆ. ಮೂರು ಸಾವಿರಕ್ಕೂ ಜಾಸ್ತಿ ಹೋಯಿತು. ಫ್ಯಾಕ್ಟರಿಯವರನ್ನು ಕೇಳಿದರೆ, ನಮ್ಮಿಂದ ಹೊರಡುವಾಗ ಚೆನ್ನಾಗಿತ್ತು ಅಂದರು. ಅವರು ಹೇಳಿದ್ದು ನಿಜವೇ ಇರಬಹುದು. ಪ್ರತಿ ಡಿಸ್‌ಪ್ಲೇ ಬಾಕ್ಸಿಗೂ ಪ್ಲಾಸ್ಟಿಕ್ ಸುತ್ತಬೇಕು, ಕಾರ್ಟನ್ನಿನಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಬೇಕು ಅಂತ ಆರ್ಡರಿನಲ್ಲಿ ನಾವು ಬರೆದೇ ಇರಲಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸ್ಯಾಂಪಲ್ ಬುಕ್‌ಲೆಟ್ ಐದನ್ನು ಒಂದು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಇಟ್ಟು, ಪಕ್ಕದಲ್ಲೊಂದು ಬಟ್ಟಲು ನೀರಿಟ್ಟು, ಮುಚ್ಚಳ ಹಾಕಿ ಎರಡು ದಿನ ಬಿಡಿ. ಆಮೇಲೆ ತೆರೆದು ಎಳೆಯಿರಿ. ಇನ್ನೂ ಐದನ್ನು ನೀರಿಲ್ಲದ ಡಬ್ಬಿಯಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ಮುಚ್ಚಳ ತೆಗೆದ ತಕ್ಷಣ ಮೂಸಿ ನೋಡಿ. ಕವರಿನ ಇಂಕ್ ವಾಸನೆ ಬಂದರೆ ಆ ವಾಸನೆ ಹಾಳೆಗೂ ಹತ್ತಿದೆ ಅಂತ ಅರ್ಥ.

ಇನ್ನು ಒಂದು ಹಾಳೆ ಎಳೆದರೆ ಮುಂದಿನದು ಅರ್ಧ ಹೊರಗೆ ಬಂದು ನಿಲ್ಲಬೇಕು. ಹಾಳೆಗಳನ್ನು ಒಂದರೊಳಗೊಂದು ಮಡಿಚಿಡುವ ಈ ಉಪಾಯಕ್ಕೆ ನೂರು ವರ್ಷದ ಮೇಲಾಯಿತು, ಜಿಗ್‌ಜ್ಯಾಗ್ ಅನ್ನುವ ಫ್ರೆಂಚ್ ಬ್ರ್ಯಾಂಡಿನ ಹೆಸರೇ ಆ ಮಡಿಕೆಯಿಂದ ಬಂದದ್ದು. ಮೆಷಿನ್ ಸರಿ ಇಲ್ಲದ ಕಡೆ ಎರಡೆರಡು ಬರುತ್ತದೆ, ಇಲ್ಲ ಹರಿಯುತ್ತದೆ.

ಲೆಕ್ಕದ ವಿಷಯ. 34 ಸೆಂಟ್ ನಿಮ್ಮ ಬೆಲೆ ಅಲ್ಲ ಗುರು, ಅದು ಫ್ಯಾಕ್ಟರಿಯ ಬೆಲೆ. ಹಡಗು, ಕಸ್ಟಮ್ಸ್ ಬ್ರೋಕರ್, ಸುಂಕ. ಸಿಗರೇಟು ಹಾಳೆಗೆ ಸುಂಕದ ಪಟ್ಟಿಯಲ್ಲಿ 4813 ಅನ್ನುವ ಬೇರೆ ನಂಬರೇ ಇದೆ. 2025ರಲ್ಲಿ ಇಂಡೊನೇಷ್ಯಾ, ಭಾರತ, ಚೀನಾ ಎಲ್ಲರ ಮೇಲೂ ಸುಂಕ ಎಷ್ಟು ಸಲ ಬದಲಾಯಿತು ಅಂದರೆ, ಕೊಟೇಶನ್ ಬಂದ ದಿನದ ದರ ಹಿಡಿದು ಲೆಕ್ಕ ಹಾಕಿದರೆ ಕೆಟ್ಟಿರಿ. ಸಾಲದ್ದಕ್ಕೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಎಕ್ಸೈಸ್ ತೆರಿಗೆ ಇದೆ, 50 ಹಾಳೆಗೆ 3.15 ಸೆಂಟ್, 2009ರಿಂದ ಅದೇ ದರ. ಚಿಲ್ಲರೆ ಅನ್ನಿಸುತ್ತದೆ, ಕಟ್ಟದಿದ್ದರೆ ಸರಕು ಬಂದರಿನಲ್ಲೇ ಕೂರುತ್ತದೆ. ನಮಗೆ ಎಲ್ಲ ಸೇರಿ ಫ್ಯಾಕ್ಟರಿ ಬೆಲೆಯ ಮೇಲೆ ಹತ್ತಿರ ಹತ್ತಿರ ಅರ್ಧದಷ್ಟು ಹೆಚ್ಚು ಬೀಳುತ್ತಿತ್ತು.

ಕವರಿನ ಮೇಲೆ ಏನು ಬರೆಯುತ್ತೀರಿ ಅದೂ ಮುಖ್ಯ. ದೊಡ್ಡ ಎರಡು ಪೇಪರ್ ಕಂಪನಿಗಳು ಚಿಕಾಗೋ ಫೆಡರಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಕಾದಾಡಿದವು, 2021ರಲ್ಲಿ ಜ್ಯೂರಿ ತೀರ್ಪು ಬಂತು. ಜಗಳ ಹಾಳೆಯ ಬಗ್ಗೆ ಅಲ್ಲ. ಎಲ್ಲಿ ಮಾಡಿದ್ದು, ಅಂಟು ಯಾವುದರದ್ದು, ದಾನ ಧರ್ಮಕ್ಕೆ ಹಣ ಹೋಗುತ್ತದೆ ಅಂತ ಬರೆದದ್ದು ನಿಜವಾ, ಇಂಥವೇ. ಆದ್ದರಿಂದ 'ನೂರಕ್ಕೆ ನೂರು ಸಹಜ' ಅಂತೆಲ್ಲ ಫ್ಯಾಕ್ಟರಿಯವರು ಹೇಳಿದ್ದನ್ನು ಕಣ್ಣು ಮುಚ್ಚಿ ಪ್ರಿಂಟ್ ಮಾಡಿಸಬೇಡಿ.

ಮಲ್ಲೇಶ್ವರಂ_ಟು_ಮಿಷಿಗನ್

ನಾನು ಮೇಜಿನ ಆ ಕಡೆ ಕೂರುವವಳು. ಆನ್ ಆರ್ಬರ್ ಹತ್ತಿರ ಮೂರು ಡಿಸ್ಪೆನ್ಸರಿಗೆ ಖರೀದಿ ನೋಡಿಕೊಳ್ಳುತ್ತೇನೆ. (ಅಮ್ಮನಿಗೆ 'ರಿಟೇಲ್' ಅಂತ ಹೇಳಿದ್ದೇನೆ. ಅದೂ ಸುಳ್ಳಲ್ಲ.)

ತಿಪಟೂರು ಅವರೇ, 'ತಂದು ತೋರಿಸು, ನೋಡೋಣ' ಅನ್ನುವುದು ಆರ್ಡರ್ ಅಲ್ಲ. ನಾನು ದಿನಕ್ಕೆ ನಾಲ್ಕು ಜನಕ್ಕೆ ಹಾಗೆ ಹೇಳುತ್ತೇನೆ.

ನಿಮ್ಮ 90 ಸೆಂಟ್ ಲೆಕ್ಕದ ಬಗ್ಗೆ. ಗಿರಾಕಿ ಬಂದು ಹೆಸರು ಹಿಡಿದು ಕೇಳುವ ಬ್ರ್ಯಾಂಡುಗಳಿವೆ, ಅವಕ್ಕೆ ಎರಡೂವರೆ ಡಾಲರ್ ಕೊಡುತ್ತಾರೆ. ಅಂಗಡಿಯ ಲೋಗೋ ಇರುವ ಪೇಪರ್ ಕಂಡರೆ ಅವರ ಮುಖದಲ್ಲಿ ಬರುವ ಮೊದಲ ಪ್ರಶ್ನೆ, ಇದು ಫ್ರೀ ತಾನೇ? ನಾವು ಕೊಡುವುದೂ ಹಾಗೇ. ಇಷ್ಟು ಡಾಲರ್ ಮೇಲೆ ಕೊಂಡರೆ ಒಂದು ಬುಕ್‌ಲೆಟ್ ಚೀಲಕ್ಕೆ ಹಾಕುತ್ತೇವೆ. ಅಂದರೆ ನನಗೆ ಅದು ಮಾರುವ ಸರಕಲ್ಲ, ವಿಸಿಟಿಂಗ್ ಕಾರ್ಡ್. ವಿಸಿಟಿಂಗ್ ಕಾರ್ಡಿಗೆ ನಾನು 90 ಸೆಂಟ್ ಕೊಡುವುದಿಲ್ಲ.

ಇನ್ನೊಂದು. ಒಂದು ಅಂಗಡಿಯ ಹೆಸರು ಹಾಕಿದ 10,000 ಬುಕ್‌ಲೆಟ್ ಆ ಅಂಗಡಿ ಬಿಟ್ಟು ಬೇರೆ ಯಾರಿಗೂ ಬೇಡ. ಅಂಗಡಿ ಕೈ ಬದಲಾಯಿತು, ಲೋಗೋ ಬದಲಾಯಿತು, ಮುಚ್ಚಿತು, ಮೂರೂ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಬ್ಯಾಕ್‌ರೂಮಿನಲ್ಲಿ ಹಳೆ ಮಾಲೀಕರ ಹೆಸರಿನ ಲೈಟರ್ ಎರಡು ಬಾಕ್ಸ್ ಇನ್ನೂ ಇವೆ, ದೇವರ ದೀಪ ಹಚ್ಚೋಕೆ ನಾನೇ ಮನೆಗೆ ತಂದುಕೊಳ್ಳುತ್ತೇನೆ. ಕನಿಷ್ಠ ಆರ್ಡರ್ ಸಾವಿರ, ಎರಡು ಸಾವಿರಕ್ಕೆ ಇಳಿಸುವ ದಾರಿ ಇದ್ದರೆ ಮಾತ್ರ ಸಣ್ಣ ಅಂಗಡಿಗಳು ಬರುತ್ತವೆ. ಒಂದೇ ಹಾಳೆ ದೊಡ್ಡ ಲೆಕ್ಕದಲ್ಲಿ ತರಿಸಿ, ಕವರ್ ಮಾತ್ರ ಇಲ್ಲೇ ಸಣ್ಣ ಲೆಕ್ಕದಲ್ಲಿ ಪ್ರಿಂಟ್ ಮಾಡಿ ಹಾಕುವವರಿದ್ದಾರೆ. ನೀವು ಪ್ಯಾಕೇಜಿಂಗ್ ಕಡೆಯವರು, ನಿಮಗೆ ಗೊತ್ತಿರುತ್ತದೆ.

ದೊಡ್ಡ ಲೆಕ್ಕ ಇರುವುದು ಬುಕ್‌ಲೆಟ್ಟಿನಲ್ಲಿ ಅಲ್ಲವೇ ಅಲ್ಲ, ಕೋನ್‌ನಲ್ಲಿ. ಮೊದಲೇ ಸುತ್ತಿಟ್ಟ ಖಾಲಿ ಕೋನ್. ಈಗ ಎಷ್ಟೋ ಜನಕ್ಕೆ ಸುತ್ತುವ ತಾಳ್ಮೆ ಇಲ್ಲ, ತುಂಬಿಸಿಟ್ಟ ಪ್ರೀರೋಲ್ ಬೇಕು. ಅದನ್ನು ತುಂಬುವವರು ಕೋನುಗಳನ್ನು ಕಾರ್ಟನ್ ಕಾರ್ಟನ್ ತರಿಸುತ್ತಾರೆ. ಆದರೆ ಅಲ್ಲಿ ಹಾಳೆಯೂ ಮಾಲಿನ ಜೊತೆ ಲ್ಯಾಬಿಗೆ ಹೋಗುತ್ತದೆ. ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಸೇದುವ ಮಾಲಿಗೆ ಮಿತಿ ಇದೆ: ಒಂದು ಗ್ರಾಮಿನಲ್ಲಿ ಸೀಸ 0.5 ಮೈಕ್ರೊಗ್ರಾಂ, ಆರ್ಸೆನಿಕ್ ಮತ್ತು ಕ್ಯಾಡ್ಮಿಯಂ 0.2, ಪಾದರಸ 0.1. ಮಾಲು ಚೆನ್ನಾಗಿದ್ದು ಹಾಳೆಯಿಂದ ಫೇಲಾದರೆ ಆ ಇಡೀ ಬ್ಯಾಚಿನ ನಷ್ಟ ಯಾರ ತಲೆಗೆ? ಅದಕ್ಕೇ ಅವರು ಮೊದಲು ಕೇಳುವುದು ಬೆಲೆ ಅಲ್ಲ, ಲ್ಯಾಬ್ ರಿಪೋರ್ಟ್. ನಮ್ಮ ಮಿಷಿಗನ್ನಿನ ಲೇಕ್ ಸುಪೀರಿಯರ್ ಸ್ಟೇಟ್ ಯೂನಿವರ್ಸಿಟಿಯವರು ಅಂಗಡಿಯಲ್ಲಿ ಸಿಗುವ 53 ಪೇಪರ್ ಪರೀಕ್ಷೆ ಮಾಡಿ 2024ರಲ್ಲಿ ಪ್ರಕಟಿಸಿದರು. ಕೆಲವು ಬಣ್ಣದ ಹಾಳೆಗಳಲ್ಲಿ ತಾಮ್ರ ತುಂಬಾ ಇತ್ತು, ನೀಲಿ ಹಸಿರು ಇಂಕಿನಿಂದ ಬಂದದ್ದು. ಆದ್ದರಿಂದ ಹಾಳೆಯ ಮೇಲೆಯೇ ಲೋಗೋ ಪ್ರಿಂಟ್ ಮಾಡೋಣ ಅಂತ ಯಾರಾದರೂ ಆಸೆ ತೋರಿಸಿದರೆ ಬೇಡ ಅನ್ನಿ. ಕವರ್ ಮೇಲೆ ಏನು ಬೇಕಾದರೂ ಕುಣಿಯಿರಿ.

ಕೊನೆಗೆ ದುಡ್ಡು. ನಾವು ಲೇಟಾಗಿ ಕೊಡುತ್ತೇವೆ, ಇದನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಫೆಡರಲ್ ತೆರಿಗೆಯಲ್ಲಿ 280ಇ ಅಂತ ಒಂದು ಸೆಕ್ಷನ್ ಇದೆ. ಅದರ ಕಾರಣ ಗಾಂಜಾ ಅಂಗಡಿ ತನ್ನ ಆದಾಯದಿಂದ ಸರಕಿನ ಬೆಲೆ ಕಳೆಯಬಹುದು, ಆದರೆ ಬಾಡಿಗೆ, ಸಂಬಳ, ಜಾಹೀರಾತು ಕಳೆಯೋ ಹಾಗಿಲ್ಲ. ನಷ್ಟದಲ್ಲಿದ್ದರೂ ತೆರಿಗೆ ಕಟ್ಟಬೇಕಾದ ಸ್ಥಿತಿ ಬರುತ್ತದೆ. ತಿಂಗಳ ಕೊನೆಗೆ ಯಾರಿಗೆ ಮೊದಲು ಕೊಡಬೇಕು ಅಂತ ನಮ್ಮ ಅಕೌಂಟ್ಸ್‌ನವರು ಪಟ್ಟಿ ಮಾಡುವಾಗ, ಪೇಪರ್ ಕೊಟ್ಟವರ ಹೆಸರು ಕೆಳಗಿನಿಂದ ಎರಡನೆಯದು. ಹಾಗಾಗಿ ಅರ್ಧ ಮುಂಗಡ, ಉಳಿದರ್ಧ ಸರಕು ಹೊರಡುವ ಮೊದಲು ಇಸ್ಕೊಳ್ಳಿ. ಅಂಗಡಿಯವರು ಮೂವತ್ತು ದಿನದಲ್ಲಿ ಕೊಡುತ್ತೇವೆ ಅಂತ ಬಾಯಿ ಬಿಟ್ಟರೆ ತೊಂಬತ್ತು ಅಂತ ಬರೆದುಕೊಳ್ಳಿ.

ಹಾಳೆ_ಹನುಮ

ಅಕ್ಕ ಹೇಳಿದ್ದು ಅಕ್ಷರಶಃ ನಿಜ. ನಾವು ಮುಚ್ಚುವಾಗ ಆರು ಅಂಗಡಿಗಳಿಂದ ಬಾಕಿ ಬರಬೇಕಿತ್ತು. ಎರಡು ಬಂತು. ಒಬ್ಬರು ದುಡ್ಡಿನ ಬದಲು ಗಾಜಿನ ಶೋಕೇಸ್ ಕೊಟ್ಟರು, ನನ್ನ ಗ್ಯಾರೇಜಿನಲ್ಲಿದೆ, ಬೊಂಬೆ ಹಬ್ಬಕ್ಕೆ ಉಪಯೋಗ ಆಗುತ್ತಿದೆ.

ಫಾರ್ಮು_ಫೈಲು

ವೀಸಾ ಪ್ರಶ್ನೆಗೆ ಬರುತ್ತೇನೆ. ನಾನು ವಕೀಲಳಲ್ಲ, ಇಮಿಗ್ರೇಷನ್ ವಕೀಲರ ಆಫೀಸಿನಲ್ಲಿ ಆರು ವರ್ಷದಿಂದ ಫೈಲ್ ಹೊರುವವಳು. ಇದನ್ನು ಓದಿ ಆಮೇಲೆ ದುಡ್ಡು ಕೊಟ್ಟು ಒಬ್ಬ ವಕೀಲರನ್ನು ಕೇಳಿ.

ಎಚ್-1ಬಿಯಲ್ಲಿ ನಿಮ್ಮನ್ನು ಕರೆಸಿಕೊಂಡ ಕಂಪನಿಗೆ ಮಾತ್ರ ದುಡಿಯಬಹುದು. ದುಡ್ಡು ಹಾಕಿ ಸುಮ್ನೆ ಕೂರುವುದು ಬೇರೆ. ನೀವು ಕೊಟೇಶನ್ ತರಿಸಿ, ಮ್ಯಾನೇಜರ್ ಜೊತೆ ಮಾತಾಡಿ, ಸರಕು ಇಳಿಸಿಕೊಂಡರೆ ಅದು ಕೆಲಸ. ನೀವು ಅಗರಬತ್ತಿ ಮಾರಿದರೂ ಇದೇ ಮಾತು.

ಈಗ 'ಬರೀ ಹಾಳೆ ತಾನೇ' ಅನ್ನುವುದು. ರಾಜ್ಯಕ್ಕೆ ಗಾಂಜಾ ಸರಿ, ಫೆಡರಲ್‌ಗೆ ತಪ್ಪು. ನಿಮ್ಮ ವೀಸಾ ಕೊಡುವುದು ರಾಜ್ಯ ಅಲ್ಲ. ಫೆಡರಲ್ ಕಾನೂನಿನ ಸೆಕ್ಷನ್ 863 ಗಾಂಜಾ ಸೇದುವ ಸಲಕರಣೆ ಮಾರುವುದು, ಆಮದು ಮಾಡುವುದು ಎರಡೂ ಅಪರಾಧ ಅನ್ನುತ್ತದೆ, ಮೂರು ವರ್ಷದವರೆಗೆ ಜೈಲು. ಇದು ಬರೀ ಪುಸ್ತಕದ ಬದನೆಕಾಯಿ ಅಲ್ಲ. 2003ರಲ್ಲಿ ಹಾಸ್ಯನಟ ಟಾಮಿ ಚಾಂಗ್ ಗಾಜಿನ ಪೈಪ್ ಮಾರಿದ ಕೇಸಿನಲ್ಲಿ ಒಂಬತ್ತು ತಿಂಗಳ ಶಿಕ್ಷೆಗೆ ಒಳಗಾಗಿ ಜೈಲಿಗೆ ಹೋದರು.

ಆದರೆ ಅದೇ ಸೆಕ್ಷನ್ ಒಂದು ಕಿಟಕಿ ಬಿಟ್ಟಿದೆ. ಹಿಂದಿನಿಂದಲೂ ತಂಬಾಕಿಗೆ ಬಳಸುವ ಪೈಪ್, ಪೇಪರ್ ಇವುಗಳಿಗೆ ವಿನಾಯಿತಿ. ಪೇಪರ್ ಅನ್ನುವ ಪದವೇ ಅಲ್ಲಿದೆ. ಪೆಟ್ರೋಲ್ ಬಂಕಿನಲ್ಲೂ ರೋಲಿಂಗ್ ಪೇಪರ್ ಸಿಗುವುದು ಈ ಕಾರಣಕ್ಕೆ. ಹಾಗಾದರೆ ನಿಮಗೇನು ತೊಂದರೆ? ನೀವು ಆ ಕಿಟಕಿಯನ್ನು ನಿಮ್ಮ ಕೈಯಾರೆ ಮುಚ್ಚುತ್ತಿದ್ದೀರಿ. ಕವರಿನ ಮೇಲೆ ಏನಿದೆ, ಜಾಹೀರಾತಿನಲ್ಲಿ ಏನಿದೆ, ಎಲ್ಲಿ ಹೇಗೆ ಇಟ್ಟು ಮಾರುತ್ತಾರೆ ಅನ್ನುವುದನ್ನು ನೋಡಿಯೇ ಅದು ಸಲಕರಣೆ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡಿ ಅಂತ ಕಾನೂನು ಹೇಳುತ್ತದೆ. ನಿಮ್ಮ ಹಾಳೆಯ ಮೇಲೆ ಗಾಂಜಾ ಅಂಗಡಿಯ ಹೆಸರು, ಎಲೆಯ ಚಿತ್ರ, ಬಹುಶಃ ಅವರ ಲೈಸೆನ್ಸ್ ನಂಬರ್ ಕೂಡ. ಇನ್ನು ತಂಬಾಕಿಗೆ ಅಂತ ಹೇಳೋಣ ಅಂದರೆ ಎಫ್‌ಡಿಎ (ಆಹಾರ, ಔಷಧ, ತಂಬಾಕು ನೋಡಿಕೊಳ್ಳುವ ಫೆಡರಲ್ ಇಲಾಖೆ) ಬರುತ್ತದೆ. 2007ರ ಫೆಬ್ರವರಿ 15ರ ನಂತರ ಬಂದ ಹೊಸ ತಂಬಾಕು ಸರಕಿಗೆ ಮೊದಲೇ ಅನುಮತಿ ಬೇಕು, ಹಾಳೆಯೂ ಅದರಲ್ಲಿ ಸೇರುತ್ತದೆ. ಅತ್ತ ದರಿ ಇತ್ತ ಪುಲಿ. ಫ್ಯಾಕ್ಟರಿಯವರ ಹತ್ತಿರ ಆ ಹಾಳೆಗೆ ಎಫ್‌ಡಿಎ ಕಾಗದ ಇದೆಯಾ ಅಂತ ಯಾರಾದರೂ ಕೇಳಿದ್ದೀರಾ?

ಇನ್ನೊಂದು ಕಿಟಕಿಯೂ ಇದೆ, ರಾಜ್ಯದ ಕಾನೂನು ಅಧಿಕಾರ ಕೊಟ್ಟಿರುವವರಿಗೆ ವಿನಾಯಿತಿ ಅನ್ನುವುದು. ಎಟೆರೋಸ್ ಅನ್ನುವ ಕಂಪನಿ ಗಾಂಜಾ ಕತ್ತರಿಸುವ ಯಂತ್ರದ ಭಾಗಗಳನ್ನು ವಾಷಿಂಗ್ಟನ್ ರಾಜ್ಯಕ್ಕೆ ತರಿಸಿದಾಗ ಕಸ್ಟಮ್ಸ್ ತಡೆಯಿತು. 2022ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಕೋರ್ಟು ಕಂಪನಿಯ ಪರ ತೀರ್ಪು ಕೊಟ್ಟಿತು. ಸಂತೋಷ. ಆದರೆ ಆಮೇಲೆ ಅದೇ ಕಂಪನಿಯ ಮುಖ್ಯಸ್ಥರು, ಕೆನಡಾದವರು, ಗಡಿಯಲ್ಲಿ ಸಿಕ್ಕಿಹಾಕಿಕೊಂಡರು. ಸರಕಿಗೆ ಬಾಗಿಲು ತೆರೆಯಿತು, ಮನುಷ್ಯನಿಗೆ ತೆರೆಯಲಿಲ್ಲ.

ನನ್ನ ಹೆದರಿಕೆ ಇದೇ. ವೀಸಾ ಆಫೀಸರಿಗೆ ನಿಮ್ಮ ಮೇಲೆ ಕೇಸು, ಶಿಕ್ಷೆ ಏನೂ ಬೇಕಿಲ್ಲ. ಮಾದಕ ವಸ್ತು ವ್ಯಾಪಾರಕ್ಕೆ ಸಹಾಯ ಮಾಡಿದ್ದಾರೆ ಎಂದು ನಂಬಲು ಕಾರಣ ಇದ್ದರೆ ಸಾಕು, ಬಾಗಿಲು ಮುಚ್ಚಬಹುದು. 2019ರ ಏಪ್ರಿಲ್‌ನಲ್ಲಿ ಇಮಿಗ್ರೇಷನ್ ಇಲಾಖೆ ಸ್ಪಷ್ಟವಾಗಿ ಬರೆದೂ ಬಿಟ್ಟಿದೆ: ರಾಜ್ಯದ ಕಾನೂನಿನ ಪ್ರಕಾರ ಸರಿಯಿದ್ದರೂ ಗಾಂಜಾ ಉದ್ಯಮದಲ್ಲಿ ಕೆಲಸ ಮಾಡಿದ್ದು ಸಿಟಿಜನ್‌ಶಿಪ್‌ಗೆ ಅಡ್ಡ ಬರಬಹುದು. ಹಾಳೆ ಮಾರಿದ್ದಕ್ಕೆ ಖಂಡಿತ ಹಾಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಡಿಸೆಂಬರ್‌ನಲ್ಲಿ ಊರಿಗೆ ಹೋಗಿ ಚೆನ್ನೈ ಕಾನ್ಸುಲೇಟಿನ ಕಿಟಕಿ ಮುಂದೆ ನಿಂತಾಗ ಅದನ್ನು ತೀರ್ಮಾನ ಮಾಡುವ ಮನುಷ್ಯ ಯಾವ ಮೂಡಿನಲ್ಲಿರುತ್ತಾನೋ.

ಮತ್ತೆ, ಗೆಳೆಯನ ಜೊತೆ ಅಂಗಡಿಗೆ ಹೋಗಿದ್ದೆ ಅಂತ ಬರೆದಿದ್ದೀರಲ್ಲ, ಅದನ್ನು ಅಳಿಸಿ.

ತಿಪಟೂರು_ತೆಂಗು

ಓದಿ ಕೈಕಾಲು ತಣ್ಣಗಾಯಿತು. (ಗೆಳೆಯ ಒಳಗೆ ಹೋದ, ನಾನು ಪಾರ್ಕಿಂಗಿನಲ್ಲಿ ಇದ್ದೆ ಅಂತ ಓದಿಕೊಳ್ಳಿ ಎಲ್ಲರೂ.)

ಒಂದೇ ಡೌಟು. ಹೆಂಡತಿಗೆ ಎಚ್-4 ಇಎಡಿ (ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ ಸಿಗುವ ಕೆಲಸದ ಅನುಮತಿ) ಇದೆ, ಅವಳು ಬಿಸಿನೆಸ್ ಮಾಡಬಹುದು. ಅವಳ ಹೆಸರಲ್ಲಿ ಮಾಡಿದರೆ?

ಫಾರ್ಮು_ಫೈಲು

ಕೆಲಸದ ಅನುಮತಿಯ ಪ್ರಶ್ನೆ ಅಷ್ಟಕ್ಕೆ ಬಗೆಹರಿಯುತ್ತದೆ, ಗಾಂಜಾ ಪ್ರಶ್ನೆ ಬಗೆಹರಿಯುವುದಿಲ್ಲ. 'ನಂಬಲು ಕಾರಣ ಇದ್ದರೆ ಸಾಕು' ಅಂದೆನಲ್ಲ, ಆ ಇಮಿಗ್ರೇಷನ್ ಕಾನೂನಿನ ಮುಂದಿನ ಸಾಲು ನೋಡಿ. ಅಂಥ ವ್ಯಾಪಾರದಿಂದ ಬಂದ ಹಣದಲ್ಲಿ ಐದು ವರ್ಷದೊಳಗೆ ಲಾಭ ಪಡೆದ ಗಂಡ, ಹೆಂಡತಿ, ಮಕ್ಕಳು, ಗೊತ್ತಿದ್ದೂ ಪಡೆದಿದ್ದರೆ, ಅವರನ್ನೂ ಹೊರಗಿಡಬಹುದು. ನೀವು ಒಬ್ಬರು ಹೋಗುವ ಹಳ್ಳಕ್ಕೆ ಇಬ್ಬರು ಹೋದ ಹಾಗೆ.

ಸುಮ್ನೆ_ಓದುಗ

ಕಡ್ಲೆಕಾಯಿ ಮುಗಿಯಿತು. ಅವರ ಹೆಂಡತಿಗೆ ಈ ಪ್ಲಾನ್ ಗೊತ್ತಾ ಅಂತ ಮೊದಲು ಕೇಳಿ.

ಬಂಟ್ವಾಳ_ಬಸ್‌ಸ್ಟ್ಯಾಂಡ್

ನಾನು ಊರಲ್ಲೇ ಇರುವವನು, ವೀಸಾ ಇಲ್ಲ, ಗಾಂಜಾ ಇಲ್ಲ. ಆದರೆ ಮೇಲೆ ಅಕ್ಕ ಕೋನ್ ಬಗ್ಗೆ ಬರೆದದ್ದು ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ದಕ್ಷಿಣ ಕನ್ನಡದಲ್ಲಿ ಯಾವ ಮನೆಯ ಜಗಲಿಗೆ ಹೋದರೂ ಮಡಿಲಲ್ಲಿ ಗೆರಸೆ ಇಟ್ಟುಕೊಂಡ ಹೆಂಗಸರು ಕಾಣುತ್ತಿದ್ದರು. ಎಲೆ ನೆನೆಹಾಕಿ, ಕತ್ತರಿಸಿ, ಹೊಗೆಸೊಪ್ಪು ಹಾಕಿ ಸುತ್ತಿ, ತುದಿ ಮಡಿಚಿ, ನೂಲು ಕಟ್ಟುವುದು. ಕೂಲಿ ಸಾವಿರ ಬೀಡಿ ಲೆಕ್ಕದಲ್ಲಿ. ಬ್ರಾಂಚಿಗೆ ಕೊಂಡುಹೋದರೆ ಅಲ್ಲಿ ನೋಡುವವರು ಕಟ್ಟು ಬಿಚ್ಚಿ, ಸಡಿಲ ಇರುವುದು, ಬಾಯಿ ಸರಿ ಇಲ್ಲದ್ದು ಎತ್ತಿ ಪಕ್ಕಕ್ಕೆ ಎಸೆಯುವರು. ಎಸೆದದ್ದಕ್ಕೆ ಕೂಲಿ ಇಲ್ಲ. ಅಮ್ಮ ಬರುವಾಗ ಮುಖ ನೋಡಿದರೆ ಎಷ್ಟು ಎಸೆದರು ಅಂತ ನಮಗೆ ತಿಳಿಯುತ್ತಿತ್ತು.

ಈ ಕೋನುಗಳೂ ಎಷ್ಟೋ ಕಡೆ ಕೈಯಲ್ಲೇ ಸುತ್ತುವುದು, ಇಂಡೊನೇಷ್ಯಾದಲ್ಲೂ ಸೈ, ನಮ್ಮ ಭಾರತದಿಂದಲೂ ರಫ್ತಾಗುತ್ತದೆ. ಫ್ಯಾಕ್ಟರಿಯವರು ಕೋನಿಗೆ 'ಇಷ್ಟು ಸೆಂಟ್' ಅಂದಾಗ ಅದರಲ್ಲಿ ಸುತ್ತಿದವಳಿಗೆ ಎಷ್ಟು ಅಂತ ಒಂದು ಮಾತು ಕೇಳಿ. ನಿಮಗೆ ಸಂಬಂಧ ಇಲ್ಲ ಅನ್ನಿಸಬಹುದು. ಕೂಲಿ ಕಡಿಮೆ ಇದ್ದ ಕಡೆ ಸುತ್ತು ಸಡಿಲ ಇರುತ್ತದೆ, ಇದು ಅಮ್ಮನ ಅನುಭವ.

ಹಾಳೆ_ಹನುಮ

ಬಂಟ್ವಾಳದವರೇ, ಇದು ನನಗೆ ನಾಲ್ಕು ವರ್ಷದಲ್ಲಿ ಹೊಳೆದೇ ಇರಲಿಲ್ಲ. ನಮಗೆ ಬಂದ ಕೋನ್ ಕಾರ್ಟನ್ನುಗಳಲ್ಲಿ ಒಂದರಲ್ಲಿ ಎಲ್ಲ ಬಿಗಿಯಾಗಿ ಒಂದೇ ಅಳತೆ, ಇನ್ನೊಂದರಲ್ಲಿ ಬಾಯಿಗಿಡುವ ಕಡೆಯ ಟಿಪ್ ಅಲ್ಲಾಡುತ್ತಿತ್ತು. ಫ್ಯಾಕ್ಟರಿ ಒಂದೇ, ಬೆಲೆ ಒಂದೇ. ನಾವು ಮೆಷಿನ್ ಸೆಟ್ಟಿಂಗ್ ಅಂದುಕೊಂಡಿದ್ದೆವು!

ತಿಪಟೂರು_ತೆಂಗು

ಹದಿನೈದು ದಿನ ಆಯಿತು, ಏನಾಯಿತು ಅಂತ ಹೇಳಿ ಹೋಗುತ್ತೇನೆ.

ವಕೀಲರಿಗೆ 300 ಡಾಲರ್ ಕೊಟ್ಟು ಅರ್ಧ ಗಂಟೆ ಮಾತಾಡಿದೆ. ಫಾರ್ಮು_ಫೈಲು ಅವರು ಇಲ್ಲಿ ಪುಕ್ಕಟೆ ಹೇಳಿದ್ದನ್ನೇ ಅವರು ಕನ್ನಡಕ ಸರಿಮಾಡಿಕೊಂಡು ಹೇಳಿದರು. ಗ್ರೀನ್ ಕಾರ್ಡ್ ಫೈಲ್ ಓಡುತ್ತಿರುವಾಗ ಇದಕ್ಕೆ ಕೈ ಹಾಕಬೇಡ ಅಂದರು. ನಮ್ಮ ಭಾರತದ ಕ್ಯೂ ಗೊತ್ತಲ್ಲ, ಅಂದರೆ ನನ್ನ ಮಗಳು ಕಾಲೇಜಿಗೆ ಹೋಗುವಾಗ ಮತ್ತೆ ಯೋಚಿಸಬಹುದು. ಹೆಂಡತಿಗೂ ಹೇಳಿದೆ. ಸುಮ್ನೆ_ಓದುಗ ಅವರಿಗೆ ಉತ್ತರ: ಇಲ್ಲ, ಅವಳಿಗೆ ಗೊತ್ತಿರಲಿಲ್ಲ, ಈಗ ಗೊತ್ತಿದೆ.

ಹನುಮಣ್ಣ ಹೇಳಿದ ಡಬ್ಬಿ ಪರೀಕ್ಷೆ ಮಾತ್ರ ಬಿಡಲಿಲ್ಲ. ನೀರಿಟ್ಟ ಡಬ್ಬಿಯಲ್ಲಿ ಐದಕ್ಕೆ ನಾಲ್ಕು ಬುಕ್‌ಲೆಟ್ ಇಟ್ಟಿಗೆಯಾಗಿ ಕೂತಿದ್ದವು. ಆರ್ಡರ್ ಕೊಟ್ಟಿದ್ದರೆ ಏನು ಗತಿ ಅಂತ ನೋಡಿ ನಗು ಬಂತು.

ಉಳಿದ ಐವತ್ತು ಬುಕ್‌ಲೆಟ್ ಅಡುಗೆಮನೆ ಡ್ರಾಯರಿನಲ್ಲಿವೆ. ಅಮ್ಮ ಮುಂದಿನ ತಿಂಗಳು ಬರುತ್ತಿದ್ದಾರೆ, ಅಷ್ಟರೊಳಗೆ ಖಾಲಿ ಮಾಡಬೇಕು. ಸೇದದೆ ಇದನ್ನು ಏನು ಮಾಡಬಹುದು?

ಬಂಟ್ವಾಳ_ಬಸ್‌ಸ್ಟ್ಯಾಂಡ್

ಎಸೆಯಬೇಡಿ! ನಮ್ಮ ಚಿಕ್ಕಪ್ಪ ದೇವಸ್ಥಾನದ ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಾರೆ. ಕದ್ರಿ ಗೋಪಾಲನಾಥರ ಊರಿನ ಕಡೆಯವರು ನಾವು, ಇಲ್ಲಿ ಸ್ಯಾಕ್ಸೋಫೋನ್ ಇಲ್ಲದೆ ಮದುವೆಯೂ ಆಗುವುದಿಲ್ಲ. ನುಡಿಸುವಾಗ ಎಂಜಲು, ಬೆವರು ಸೇರಿ ಕೀಲಿಯ ಕೆಳಗಿನ ಪ್ಯಾಡ್ ಅಂಟುತ್ತದೆ. ಆಗ ಒಂದು ಸಿಗರೇಟು ಹಾಳೆ ಅದರ ಕೆಳಗಿಟ್ಟು, ಮೆಲ್ಲಗೆ ಒತ್ತಿ, ತೇವ ಹೀರಿಸಿ ತೆಗೆಯುತ್ತಾರೆ. ಪ್ರಪಂಚದ ಎಲ್ಲ ಕಡೆ ಇದನ್ನೇ ಮಾಡುವುದಂತೆ. ಊರಿಗೆ ಬರುವಾಗ ತನ್ನಿ.

ತಿಪಟೂರು_ತೆಂಗು

ಅಯ್ಯೋ ಬ್ಯಾಗಿನಲ್ಲಿ ಐವತ್ತು ಬುಕ್‌ಲೆಟ್ ರೋಲಿಂಗ್ ಪೇಪರ್ ಇಟ್ಟುಕೊಂಡು ಏರ್‌ಪೋರ್ಟ್ ದಾಟುವ ಧೈರ್ಯ ನನಗೀಗ ಇಲ್ಲ ಮಾರಾಯ್ರೆ. ಫ್ರಿಮಾಂಟಿನಲ್ಲಿ ನಮ್ಮ ಕನ್ನಡ ಕೂಟದ ಒಬ್ಬರು ಮಗನಿಗೆ ಕ್ಲಾರಿನೆಟ್ ಕ್ಲಾಸ್ ಹಾಕಿದ್ದಾರೆ, ಅವರಿಗೆ ಕೊಡುತ್ತೇನೆ. ಅಂಟಿನ ಪಟ್ಟಿ ಪ್ಯಾಡಿಗೆ ಮೆತ್ತಿಕೊಳ್ಳುವುದಿಲ್ವಾ?

ಬಂಟ್ವಾಳ_ಬಸ್‌ಸ್ಟ್ಯಾಂಡ್

ಮೆತ್ತುತ್ತದೆ. ಚಿಕ್ಕಪ್ಪ ಮೊದಲು ಆ ಪಟ್ಟಿ ಹರಿದು ಬಿಸಾಕಿ ಆಮೇಲೆ ಇಡುವುದು.

ಹಾಳೆ_ಹನುಮ

ಮೂರು ಸಾವಿರ ಬುಕ್‌ಲೆಟ್ ಕಸಕ್ಕೆ ಹಾಕಿದಾಗ ಎಲ್ಲಿದ್ದಿರಿ ಸ್ವಾಮಿ ನೀವು.